ಹೊಸ ಕಂಪ್ಯೂಟರಿಗೆ ಯಾವ ಪ್ರೊಸೆಸರ್?



ಈ ಹೊತ್ತಿನ ಮಟ್ಟಿಗೆ ನೀವು ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಕನಮಡಿಯವರು ಎಂದು ಇಟ್ಟುಕೊಳ್ಳೋಣ. ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಆ ಭಾಗದಲ್ಲಿ ದ್ರಾಕ್ಷಿ ತೋಟಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಇವೆ. ನಿಮ್ಮ ಪಿಯುಸಿ ಮುಗಿದಿದೆ, ವಿಜಯಪುರದ ಕಾಲೇಜೊಂದರಲ್ಲಿ ಸೀಟು ಸಿಕ್ಕಿದೆ. ತರಗತಿ ಆರಂಭವಾಗುವ ಮೊದಲು ಒಂದು ಲ್ಯಾಪ್‌ಟಾಪ್ ಕೊಳ್ಳಬೇಕು. ಈ ವರ್ಷ ಒಣದ್ರಾಕ್ಷಿ ಮಾರಿ ಬಂದ ಹಣದಲ್ಲಿ ಸಾಲದ ಕಂತು, ಗೊಬ್ಬರ ಮತ್ತು ಔಷಧಿಯ ಬಾಕಿ ಕಳೆದು ಉಳಿದದ್ದರಲ್ಲಿ ಒಂದಿಷ್ಟನ್ನು ನಿಮ್ಮ ತಂದೆ ಇದಕ್ಕೆಂದೇ ತೆಗೆದಿರಿಸಿದ್ದಾರೆ. ಇಬ್ಬರೂ ಬೆಳಗಿನ ಬಸ್ಸು ಹತ್ತಿ ವಿಜಯಪುರಕ್ಕೆ ಬಂದಿದ್ದೀರಿ.

ಅಂಗಡಿಯ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪುಗಳಿವೆ. ಒಂದು ಯಾವುದೋ ಕಂಪನಿಯಲ್ಲಿ ಬಳಸಿ, ಒರೆಸಿ, ಮತ್ತೆ ಮಾರಾಟಕ್ಕೆ ಬಂದದ್ದು. ಅದರ ಮೇಲೆ ‘ಐ7’ ಎಂಬ ಚೀಟಿ ಇದೆ. ಇನ್ನೊಂದು ಹೊಸದು, ಅದರ ಮೇಲೆ ‘ಐ3’ ಎಂದಿದೆ. ಅಂಗಡಿಯವರು ಹೇಳುತ್ತಾರೆ: "ಇದು ಐ-ಸೆವೆನ್ ಐತ್ರಿ ಯಜಮಾನ್ರ, ಅದು ಬರೇ ಐ-ಥ್ರೀ. ಮ್ಯಾಲ ಇದು ಅದಕ್ಕಿಂತ ಸೋವಿನೂ ಐತಿ." ತಂದೆ ನಿಮ್ಮ ಮುಖ ನೋಡಿ ಕೇಳುತ್ತಾರೆ: "ಏಳು ಅಂದ್ರ ಮೂರಕ್ಕಿಂತ ದೊಡ್ಡದಲ್ಲೇನವ್ವಾ?"

ಪ್ರಶ್ನೆ ಸಹಜವಾದದ್ದು. ಆದರೆ ಉತ್ತರ ಅಷ್ಟು ಸರಳವಲ್ಲ. ಇಂದಿನ ಈ ಭಾಷಣ ಆ ಒಂದು ಪ್ರಶ್ನೆಗೆ ನೀವೇ ಉತ್ತರ ಹೇಳುವಂತಾಗಲಿ ಎಂಬ ಉದ್ದೇಶದ್ದು.

ಮೊದಲು ಒಂದು ಮಾತನ್ನು ಗಮನಿಸಿ. ಲ್ಯಾಪ್‌ಟಾಪಿನಲ್ಲಿ ಕೆಲವನ್ನು ಮುಂದೆ ಬದಲಾಯಿಸಬಹುದು. ಬ್ಯಾಟರಿ ಸೋತರೆ ಬೇರೆ ಹಾಕಿಸಬಹುದು. ಹಲವು ಮಾದರಿಗಳಲ್ಲಿ ಮೆಮೊರಿಯನ್ನೂ ಸಂಗ್ರಹದ ಡಿಸ್ಕನ್ನೂ ಹೆಚ್ಚಿಸಬಹುದು. ಆದರೆ ಇಂದಿನ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರನ್ನು ಮುಖ್ಯ ಫಲಕಕ್ಕೇ ಬೆಸುಗೆ ಹಾಕಿರುತ್ತಾರೆ. ಅದನ್ನು ತೆಗೆದು ಬೇರೊಂದನ್ನು ಕೂರಿಸುವಂತಿಲ್ಲ. ಕೊಂಡ ದಿನ ಯಾವುದು ಬಂತೋ ಮೂರು ನಾಲ್ಕು ವರ್ಷ ಅದರ ಜೊತೆಗೇ ಬಾಳಬೇಕು. ಆದ್ದರಿಂದ ಬಣ್ಣ, ಬ್ಯಾಗು, ರಿಯಾಯಿತಿ ಇವುಗಳಿಗಿಂತ ಮೊದಲು ಪ್ರೊಸೆಸರನ್ನು ವಿಚಾರಿಸಬೇಕು.

ಪ್ರೊಸೆಸರ್ ಎಂದರೇನು? ಕಂಪ್ಯೂಟರಿನಲ್ಲಿ ಆದೇಶಗಳನ್ನು ಒಂದೊಂದಾಗಿ ತೆಗೆದುಕೊಂಡು, ಅರ್ಥಮಾಡಿಕೊಂಡು, ಲೆಕ್ಕ ಮಾಡಿ ಫಲವನ್ನು ಒಪ್ಪಿಸುವ ಭಾಗವೇ ಪ್ರೊಸೆಸರ್. ಮೊದಲ ಮೈಕ್ರೋಪ್ರೊಸೆಸರ್ ಎಂದು ಸಾಮಾನ್ಯವಾಗಿ ಹೆಸರಿಸುವ ಇಂಟೆಲ್ 4004 ಮಾರುಕಟ್ಟೆಗೆ ಬಂದದ್ದು 1971ರಲ್ಲಿ. ಜಪಾನಿನ ಕಂಪನಿಯೊಂದರ ಕ್ಯಾಲ್ಕುಲೇಟರಿಗಾಗಿ ಅದನ್ನು ರೂಪಿಸಿದ್ದರು. ಅದರಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರುಗಳು. 2008ರಲ್ಲಿ ಅದೇ ಇಂಟೆಲ್‌ನ ಬೆಂಗಳೂರು ಕೇಂದ್ರದ ಎಂಜಿನಿಯರುಗಳು ವಿನ್ಯಾಸ ಮಾಡಿದ ಆರು ಕೋರುಗಳ ಜಿಯಾನ್ 7400 ಪ್ರೊಸೆಸರಿನಲ್ಲಿ 190 ಕೋಟಿ ಟ್ರಾನ್ಸಿಸ್ಟರುಗಳಿದ್ದವು. ಅದು ದೊಡ್ಡ ಸರ್ವರುಗಳಿಗಾಗಿ ಮಾಡಿದ್ದು. ಪ್ರೊಸೆಸರ್ ಎಂದರೆ ಎಲ್ಲೋ ದೂರದವರು ಮಾಡುವ ಮಾಯೆ ಅಲ್ಲ, ನಮ್ಮ ರಾಜ್ಯದಲ್ಲೇ ಕುಳಿತು ಜನ ಮಾಡುವ ಕೆಲಸ ಎಂಬುದೂ ನಿಮಗೆ ನೆನಪಿರಲಿ.

ಇನ್ನು ಪ್ರೊಸೆಸರಿನ ವೇಗ ಯಾವುದರ ಮೇಲೆ ನಿಂತಿದೆ ಎಂಬುದನ್ನು ನೋಡೋಣ. ಇದಕ್ಕೆ ನೀವು ಕಂಡಿರುವ ಒಣದ್ರಾಕ್ಷಿಯ ಶೆಡ್ಡನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಒಣಗಿದ ದ್ರಾಕ್ಷಿಯನ್ನು ಕಡ್ಡಿ ಬಿಡಿಸಿ, ಬಣ್ಣ ಮತ್ತು ಗಾತ್ರ ನೋಡಿ ಬೇರ್ಪಡಿಸಬೇಕು. ಆ ಕೆಲಸ ಬೇಗ ಮುಗಿಯಲು ನಾಲ್ಕು ಸಂಗತಿಗಳು ಬೇಕು. ಆರಿಸುವವರು ಎಷ್ಟು ಜನ ಎಂಬುದು ಒಂದು. ಅವರ ಕೈ ನಿಮಿಷಕ್ಕೆ ಎಷ್ಟು ಸಲ ಆಡುತ್ತದೆ ಎಂಬುದು ಎರಡು. ಒಂದು ಸಲ ಕೈ ಆಡಿದರೆ ಎಷ್ಟು ಹಣ್ಣು ಬೇರೆಯಾಗುತ್ತವೆ ಎಂಬುದು ಮೂರು. ಮಾಲಿನ ಬುಟ್ಟಿ ಪಕ್ಕದಲ್ಲೇ ಇದೆಯೋ, ಪ್ರತಿ ಸಲವೂ ಎದ್ದು ಗೋದಾಮಿಗೆ ಹೋಗಿ ತರಬೇಕೋ ಎಂಬುದು ನಾಲ್ಕು.

ಪ್ರೊಸೆಸರಿನಲ್ಲಿಯೂ ಹಾಗೆಯೇ. ಆರಿಸುವ ಜನ ಎಂದರೆ ಕೋರುಗಳು. ಕೈಯಾಟದ ವೇಗವೇ ಗಡಿಯಾರದ ವೇಗ. ಅದನ್ನು ಗಿಗಾಹರ್ಟ್ಸ್‌ನಲ್ಲಿ ಹೇಳುತ್ತಾರೆ. ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಮಿಡಿತ. ಒಂದು ಮಿಡಿತದಲ್ಲಿ ಎಷ್ಟು ಕೆಲಸವಾಗುತ್ತದೆ ಎಂಬುದು ಒಳಗಿನ ವಿನ್ಯಾಸಕ್ಕೆ ಸೇರಿದ್ದು. ಪಕ್ಕದ ಬುಟ್ಟಿ ಎಂದರೆ ಪ್ರೊಸೆಸರಿನೊಳಗೇ ಇರುವ ಕ್ಯಾಶ್ ಮೆಮೊರಿ, ಗೋದಾಮು ಎಂದರೆ ಹೊರಗಿರುವ ರ‍್ಯಾಮ್. ಅಂಗಡಿಯ ಚೀಟಿಯಲ್ಲಿ ಕಣ್ಣಿಗೆ ಬೀಳುವುದು ಬಹುಪಾಲು ಒಂದೋ ಎರಡೋ ಅಂಕಿಗಳು ಮಾತ್ರ. ನಾಲ್ಕನ್ನೂ ಕೂಡಿಸಿ ನೋಡದೆ ಒಂದೇ ಅಂಕಿಯನ್ನು ನಂಬಿದವರು ಮೋಸಹೋಗುತ್ತಾರೆ.

ಗಡಿಯಾರದ ವೇಗವನ್ನೇ ತೆಗೆದುಕೊಳ್ಳಿ. 2000ದಲ್ಲಿ ಬಂದ ಪೆಂಟಿಯಂ 4 ಪ್ರೊಸೆಸರನ್ನು ಈ ಒಂದು ಅಂಕಿ ಬೆಳೆಯುವಂತೆಯೇ ರೂಪಿಸಿದ್ದರು. 2004ರ ಹೊತ್ತಿಗೆ ಅದು 3.8 ಗಿಗಾಹರ್ಟ್ಸ್ ಮುಟ್ಟಿತು. ಅಲ್ಲಿಗೆ ಅದರ ಬಿಸಿ ಮತ್ತು ವಿದ್ಯುತ್ ಬಳಕೆ ಮಿತಿ ಮೀರಿ, 4 ಗಿಗಾಹರ್ಟ್ಸ್‌ನ ಮಾದರಿಯನ್ನು ಕಂಪನಿ ಕೈಬಿಟ್ಟಿತು. 2006ರಲ್ಲಿ ಅದೇ ಕಂಪನಿ ತಂದ ಕೋರ್ 2 ಡ್ಯುಯೊ ಪ್ರೊಸೆಸರುಗಳ ವೇಗ ಎರಡು ಗಿಗಾಹರ್ಟ್ಸ್‌ನ ಆಸುಪಾಸಿನಲ್ಲೇ ಇತ್ತು. ಆದರೂ ಅವು ಪೆಂಟಿಯಂ 4ನ್ನು ಹಿಂದೆ ಹಾಕಿದವು. ಕಾರಣ, ಅವುಗಳಲ್ಲಿ ಕೋರುಗಳು ಎರಡಿದ್ದವು, ಮತ್ತು ಪ್ರತಿ ಮಿಡಿತದಲ್ಲಿ ಆಗುವ ಕೆಲಸ ಹೆಚ್ಚಿತ್ತು. ಆದ್ದರಿಂದ ಗಿಗಾಹರ್ಟ್ಸ್ ಅಂಕಿಯನ್ನು ಒಂದೇ ಪೀಳಿಗೆಯ, ಒಂದೇ ಬಗೆಯ ಪ್ರೊಸೆಸರುಗಳ ನಡುವೆ ಮಾತ್ರ ಹೋಲಿಸಬೇಕು.

ಕೋರುಗಳ ಸಂಖ್ಯೆಗೂ ಒಂದು ಎಚ್ಚರಿಕೆಯ ಮಾತು ಬೇಕು. ದ್ರಾಕ್ಷಿ ಆರಿಸುವ ಕೆಲಸವನ್ನು ಹತ್ತು ಜನರಿಗೆ ಹಂಚಬಹುದು. ಆದರೆ ದಿನದ ಕೊನೆಗೆ ಲೆಕ್ಕದ ಪುಸ್ತಕ ಬರೆಯುವವರು ಒಬ್ಬರೇ. ಹತ್ತು ಜನ ಕೂತು ಒಂದೇ ಪುಟ ಬರೆಯಲಾಗದು. ಕಂಪ್ಯೂಟರಿನ ಕೆಲಸಗಳಲ್ಲಿಯೂ ಹಂಚಬಹುದಾದವು ಮತ್ತು ಹಂಚಲಾಗದವು ಎಂದು ಎರಡು ಬಗೆ. ವಿಡಿಯೊ ಸಂಕಲನದಂಥ ಕೆಲಸ ಹಂಚಿಹೋಗುತ್ತದೆ. ಯಂತ್ರಭಾಗದ ನಕ್ಷೆ ಬಿಡಿಸುವಂಥ ಕೆಲಸ ಹೆಚ್ಚಾಗಿ ಒಂದೇ ಕೋರಿನ ಮೇಲೆ ನಿಲ್ಲುತ್ತದೆ. ಆದ್ದರಿಂದ ಕೋರುಗಳು ಎಷ್ಟು ಎಂಬುದರ ಜೊತೆಗೆ ಒಂದೊಂದು ಕೋರೂ ಎಷ್ಟು ಚುರುಕು ಎಂಬುದನ್ನೂ ಕೇಳಬೇಕು.

ಈಗ ಅಂಗಡಿಯ ಮೇಜಿನ ಮೇಲಿದ್ದ ಆ ಎರಡು ಲ್ಯಾಪ್‌ಟಾಪುಗಳಿಗೆ ಬರೋಣ. ‘ಐ7’, ‘ಐ3’ ಎಂಬುವು ಪ್ರೊಸೆಸರಿನ ಪೂರ್ತಿ ಹೆಸರಲ್ಲ. ಅವು ಒಂದೇ ವರ್ಷದ ಬೆಳೆಯೊಳಗಿನ ದರ್ಜೆಗಳು. ಈ ವರ್ಷದ ಒಂದನೇ ದರ್ಜೆಯ ಮಾಲು ಈ ವರ್ಷದ ಮೂರನೇ ದರ್ಜೆಗಿಂತ ಮೇಲು ಎಂಬುದು ಸರಿ. ಆದರೆ ಹಲವು ವರ್ಷ ಗೋದಾಮಿನಲ್ಲಿದ್ದ ಒಂದನೇ ದರ್ಜೆಯ ಮಾಲನ್ನು ಈ ವರ್ಷದ ಮಾಲಿನೊಂದಿಗೆ ತೂಗಿ ನೋಡುವಾಗ ಕೇವಲ ದರ್ಜೆ ಹೇಳಿದರೆ ಸಾಲದು, ಯಾವ ವರ್ಷದ್ದು ಎಂದೂ ಹೇಳಬೇಕು. ಆ ವರ್ಷ ತಿಳಿಯುವುದು ಪೂರ್ತಿ ಹೆಸರಿನಲ್ಲಿ.

ಹಳೆಯ ಲ್ಯಾಪ್‌ಟಾಪಿನ ಪ್ರೊಸೆಸರಿನ ಪೂರ್ತಿ ಹೆಸರು ಐ7-7500ಯು ಎಂದು ಇಟ್ಟುಕೊಳ್ಳಿ. ಅಡ್ಡಗೆರೆಯ ನಂತರದ ಮೊದಲ ಅಂಕಿ 7. ಅಂದರೆ ಅದು ಏಳನೇ ಪೀಳಿಗೆಯದು, 2016ರಲ್ಲಿ ಬಂದದ್ದು. ಅದರಲ್ಲಿರುವುದು ಕೇವಲ ಎರಡು ಕೋರುಗಳು. ಹೊಸದರ ಪೂರ್ತಿ ಹೆಸರು ಐ3-1215ಯು ಎಂದಿರಲಿ. ಇಲ್ಲಿ ಮೊದಲ ಎರಡು ಅಂಕಿ 12. ಅಂದರೆ ಹನ್ನೆರಡನೇ ಪೀಳಿಗೆಯದು, 2022ರಲ್ಲಿ ಬಂದದ್ದು. ಅದರಲ್ಲಿ ಆರು ಕೋರುಗಳು. ಎರಡು ದೊಡ್ಡ ಕೆಲಸಕ್ಕೆ, ನಾಲ್ಕು ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಕೆಲಸ ಮಾಡುವುದಕ್ಕೆ. ಹಳೆಯದರ ಕ್ಯಾಶ್ 4 ಮೆಗಾಬೈಟ್, ಹೊಸದರದು 10. ಹಳೆಯದರ ಗರಿಷ್ಠ ವೇಗ 3.5 ಗಿಗಾಹರ್ಟ್ಸ್, ಹೊಸದರದು 4.4. ಶೆಡ್ಡಿನ ಲೆಕ್ಕದಲ್ಲಿ ನೋಡಿದರೆ ಜನ, ಕೈಯಾಟ, ಬುಟ್ಟಿ ಎಲ್ಲದರಲ್ಲೂ ಆ ‘ಮೂರು’ ಈ ‘ಏಳ’ಕ್ಕಿಂತ ಮುಂದಿದೆ.

ಇಷ್ಟೇ ಆದರೆ ಹಳೆಯದು ನಿಧಾನ ಎಂದು ಸುಮ್ಮನಾಗಬಹುದಿತ್ತು. ಇನ್ನೊಂದು ತೊಡಕಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಅಧಿಕೃತವಾಗಿ ಅರ್ಹವಾಗಿರುವುದು, ಬೆರಳೆಣಿಕೆಯ ಕೆಲವನ್ನು ಬಿಟ್ಟರೆ, ಇಂಟೆಲ್‌ನ ಎಂಟನೇ ಪೀಳಿಗೆ ಮತ್ತು ಅದರ ನಂತರದ ಪ್ರೊಸೆಸರುಗಳು. ಐ7-7500ಯು ಆ ಪಟ್ಟಿಯಲ್ಲಿ ಇಲ್ಲ. ಯಾವುದೋ ಉಪಾಯದಿಂದ ಅದರಲ್ಲಿ ವಿಂಡೋಸ್ 11 ಹಾಕಿ ಕೊಟ್ಟರೂ ಮುಂದಿನ ಭದ್ರತಾ ಪರಿಷ್ಕರಣೆಗಳು ಸರಿಯಾಗಿ ಬರುತ್ತವೆಂಬ ಭರವಸೆ ಇಲ್ಲ. ಅದೇ ಯಂತ್ರದಲ್ಲಿ ಲಿನಕ್ಸ್ ಹಾಕಿಕೊಂಡು ಟೈಪಿಂಗ್, ಓದು, ಅಂತರಜಾಲದ ಕೆಲಸ ಮಾಡಬಹುದು, ಅದು ನಿಜ. ಆದರೆ ನಾಲ್ಕು ವರ್ಷದ ಓದಿಗೆ ಒಂದೇ ಯಂತ್ರ ಎಂದು ಕೊಳ್ಳುವವರಿಗೆ ಅದು ಸೋವಿಯ ಸರಕಲ್ಲ. ಹಳೆಯ ಲ್ಯಾಪ್‌ಟಾಪ್ ಕೊಳ್ಳಬಾರದು ಎಂದು ನಾನು ಹೇಳುತ್ತಿಲ್ಲ. ಕೊಳ್ಳುವುದಾದರೆ ಎಂಟನೇ ಪೀಳಿಗೆಗಿಂತ ಹಿಂದಿನದನ್ನು ಬಿಡಿ, ಸಾಧ್ಯವಾದರೆ ಹನ್ನೊಂದು ಹನ್ನೆರಡನೇ ಪೀಳಿಗೆಯದನ್ನು ಹುಡುಕಿ.

ಹೊಸ ಯಂತ್ರವೆಂದ ಮಾತ್ರಕ್ಕೆ ಒಳಗಿನ ವಿನ್ಯಾಸವೂ ಹೊಸದೆಂದು ತಿಳಿಯಬೇಡಿ. ಎಎಂಡಿ ಕಂಪನಿಯ ರೈಜೆನ್ 5 7520ಯು ಮತ್ತು ರೈಜೆನ್ 5 7530ಯು ಎಂಬ ಎರಡು ಪ್ರೊಸೆಸರುಗಳನ್ನು ನೋಡಿ. ಹೆಸರಿನಲ್ಲಿ ಒಂದೇ ಅಂಕಿಯ ವ್ಯತ್ಯಾಸ. ಆ ಸರಣಿಯ ನಾಲ್ಕಂಕಿಯ ಹೆಸರುಗಳಲ್ಲಿ ಮೂರನೆಯ ಅಂಕಿ ಒಳಗಿನ ವಿನ್ಯಾಸವನ್ನು ಹೇಳುತ್ತದೆ. 2 ಇದ್ದರೆ ಅದು ಝೆನ್ 2, ಅಂದರೆ 2019ರಲ್ಲಿ ಮೊದಲು ಬಂದ ವಿನ್ಯಾಸ. 3 ಇದ್ದರೆ ಝೆನ್ 3. ಮೊದಲನೆಯದರಲ್ಲಿ ನಾಲ್ಕು ಕೋರು, ಎರಡನೆಯದರಲ್ಲಿ ಆರು. ಮೊದಲನೆಯದರ ಮೂರನೇ ಹಂತದ ಕ್ಯಾಶ್ 4 ಮೆಗಾಬೈಟ್, ಎರಡನೆಯದರದು 16. ಸೋಜಿಗವೆಂದರೆ, ಮೂಲ ವೇಗ ಎಂದು ಬರೆಯುವ ಅಂಕಿ ಮೊದಲನೆಯದಕ್ಕೇ ಹೆಚ್ಚು: 2.8 ಗಿಗಾಹರ್ಟ್ಸ್; ಎರಡನೆಯದಕ್ಕೆ 2. ಚೀಟಿಯ ಮೇಲಿನ ಗಿಗಾಹರ್ಟ್ಸ್ ನೋಡಿ ಕೊಂಡವರು ನಾಲ್ಕು ಕೋರಿನದನ್ನು ಮನೆಗೆ ತರುತ್ತಾರೆ. ಜೊತೆಗೆ 7520ಯು ಇರುವ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯೂ ಬೆಸುಗೆ ಹಾಕಿದ್ದೇ ಆಗಿರುತ್ತದೆ, ಮುಂದೆ ಹೆಚ್ಚಿಸಲು ಬರುವುದಿಲ್ಲ.

ಇಂಟೆಲ್ ಕೂಡ 2023ರ ಕೊನೆಯಿಂದ ಹೆಸರುಗಳನ್ನು ಬದಲಿಸಿದೆ. ‘ಐ’ ಅಕ್ಷರ ಹೋಗಿ ‘ಕೋರ್ 5’, ‘ಕೋರ್ ಅಲ್ಟ್ರಾ 5’ ಎಂಬ ಹೆಸರುಗಳು ಬಂದಿವೆ. ‘ಅಲ್ಟ್ರಾ’ ಇದ್ದದ್ದೂ ಇಲ್ಲದ್ದೂ ಒಂದೇ ಅಲ್ಲ. 2024ರಲ್ಲಿ ಬಂದ ಕೋರ್ 5 120ಯು ಪ್ರೊಸೆಸರಿನ ಒಳಗಿರುವುದು ಹದಿಮೂರನೇ ಪೀಳಿಗೆಯ ವಿನ್ಯಾಸವೇ. ಅದು ಕೆಟ್ಟದ್ದೆಂದಲ್ಲ, ಒಳ್ಳೆಯ ಪ್ರೊಸೆಸರೇ. ಆದರೆ ಹೊಸ ಹೆಸರಿಗೆಂದು ಹೆಚ್ಚಿನ ಬೆಲೆ ತೆರುವ ಮೊದಲು ತಿಳಿದಿರಬೇಕು. ಈ ಹೆಸರಿನ ನಿಯಮಗಳು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತವೆ. ನಿಯಮವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಪೂರ್ತಿ ಹೆಸರನ್ನು ಬರೆದುಕೊಂಡು, ತಯಾರಕರ ಜಾಲತಾಣದಲ್ಲಿ ಅದನ್ನು ಹುಡುಕಿ, ಯಾವ ವರ್ಷ ಬಂತು, ಕೋರುಗಳು ಎಷ್ಟು, ಕ್ಯಾಶ್ ಎಷ್ಟು ಎಂದು ನೋಡುವ ಅಭ್ಯಾಸ ಸಾಕು. ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲಿ ಇದು ಎರಡು ನಿಮಿಷದ ಕೆಲಸ.

ಹೆಸರಿನ ಕೊನೆಯ ಅಕ್ಷರವನ್ನೂ ಓದಿ. ‘ಯು’ ಎಂದಿದ್ದರೆ ಕಡಿಮೆ ವಿದ್ಯುತ್ ಬಳಸುವ ಬಗೆ, ಸಾಮಾನ್ಯವಾಗಿ 15 ವ್ಯಾಟ್ ಲೆಕ್ಕದ್ದು. ‘ಎಚ್’ ಎಂದಿದ್ದರೆ ಹೆಚ್ಚು ಶಕ್ತಿಯದು, 45 ವ್ಯಾಟ್ ಲೆಕ್ಕದ್ದು. ಹೊರೆ ಬಿದ್ದಾಗ ಎರಡೂ ಸ್ವಲ್ಪ ಹೊತ್ತು ಇದಕ್ಕಿಂತ ಹೆಚ್ಚು ಎಳೆಯುತ್ತವೆ. ಇದು ನಮ್ಮ ಭಾಗದವರಿಗೆ ಎರಡು ಕಾರಣಕ್ಕೆ ಮುಖ್ಯ.

ಒಂದನೆಯದು ವಿದ್ಯುತ್ತು. ಊರಿನಲ್ಲಿ ಕರೆಂಟು ಹೋದಾಗ ಬ್ಯಾಟರಿಯೇ ಆಧಾರ. ಲೆಕ್ಕ ಸುಲಭವಾದದ್ದು. ಬ್ಯಾಟರಿಯ ಮೇಲೆ 50 ವ್ಯಾಟ್-ಅವರ್ ಎಂದು ಬರೆದಿದ್ದರೆ, ಇಡೀ ಯಂತ್ರ 10 ವ್ಯಾಟ್ ಬಳಸುತ್ತಿದ್ದಾಗ ಐದು ಗಂಟೆ ಬರುತ್ತದೆ. 40 ವ್ಯಾಟ್ ಎಳೆದರೆ ಒಂದೂಕಾಲು ಗಂಟೆಗೆ ಮುಗಿಯುತ್ತದೆ. ನಾಳೆ ಪರೀಕ್ಷೆ, ಇಂದು ರಾತ್ರಿ ಕರೆಂಟಿಲ್ಲ ಎಂದಾಗ ಈ ವ್ಯತ್ಯಾಸ ಅರ್ಥವಾಗುತ್ತದೆ.

ಎರಡನೆಯದು ಬಿಸಿಲು. ಪ್ರೊಸೆಸರ್ ಸುಮಾರು 95ರಿಂದ 100 ಡಿಗ್ರಿ ಮುಟ್ಟಿದರೆ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಒಳಗಿನ ಬಿಸಿಯನ್ನು ಹೊರಹಾಕುವುದು ಸುತ್ತಲಿನ ಗಾಳಿ. ವಿಜಯಪುರದ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ತಂಪು ಕೋಣೆಯಲ್ಲಿ ಅಳೆದ ವೇಗ ಇಲ್ಲಿ ಬರುವುದಿಲ್ಲ. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಬಲವಾದ ಪ್ರೊಸೆಸರ್ ತುರುಕಿದ್ದರೆ ಅದು ಹತ್ತು ನಿಮಿಷ ಓಡಿ ಆಮೇಲೆ ನಡೆಯತೊಡಗುತ್ತದೆ. ನೀವು ಹಣ ಕೊಟ್ಟದ್ದು ಓಟಕ್ಕೆ, ಸಿಕ್ಕಿದ್ದು ನಡಿಗೆ. ಆದ್ದರಿಂದ ‘ಎಚ್’ ಬಗೆಯದನ್ನು ಕೊಳ್ಳುವವರು ಗಾಳಿ ಆಡಲು ದೊಡ್ಡ ಕಿಂಡಿಗಳೂ ಒಳ್ಳೆಯ ಫ್ಯಾನೂ ಇರುವ ಯಂತ್ರವನ್ನೇ ಆರಿಸಬೇಕು. ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಟ್ಟು ಕಿಂಡಿ ಮುಚ್ಚಬಾರದು. ವರ್ಷಕ್ಕೊಮ್ಮೆ ಒಳಗಿನ ಧೂಳು ತೆಗೆಸಬೇಕು.

ಹಾಗಾದರೆ ಯಾರಿಗೆ ಯಾವುದು? ನಿಮ್ಮ ಓದನ್ನು ನೋಡಿ ತೀರ್ಮಾನಿಸಿ.

ಬಿ.ಎ., ಬಿ.ಕಾಂ. ಓದುವವರು ಮಾಡುವ ಟೈಪಿಂಗ್, ಲೆಕ್ಕದ ಹಾಳೆ, ಅಂತರಜಾಲ, ವಿಡಿಯೊ ಪಾಠ ಇವುಗಳಿಗೆ ಈಚಿನ ಪೀಳಿಗೆಯ ಐ3 ಅಥವಾ ಅದಕ್ಕೆ ಸಮನಾದ ರೈಜೆನ್ ಧಾರಾಳವಾಗಿ ಸಾಕು. ಯೂನಿಕೋಡಿನಲ್ಲಿ ಕನ್ನಡ ಟೈಪ್ ಮಾಡಲು ದೊಡ್ಡ ಪ್ರೊಸೆಸರ್ ಬೇಕೇ ಇಲ್ಲ. ಎನ್100 ಎಂಬ, 2023ರಲ್ಲಿ ಬಂದ, 6 ವ್ಯಾಟಿನ ಚಿಕ್ಕ ಪ್ರೊಸೆಸರ್ ಕೂಡ ಬರಹದ ಕೆಲಸವನ್ನು ಮಾಡಿಕೊಡುತ್ತದೆ. ಅದನ್ನು ನಾಲ್ಕು ವರ್ಷದ ಎಂಜಿನಿಯರಿಂಗಿಗೆ ಮಾತ್ರ ನಂಬಬೇಡಿ.

ಬಿಸಿಎ ಅಥವಾ ಕಂಪ್ಯೂಟರ್ ಸೈನ್ಸ್ ಓದುವವರು ಮೊಬೈಲ್ ಆ್ಯಪ್ ತಯಾರಿಸುವ ತಂತ್ರಾಂಶ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ಓಡಿಸುವ ತಂತ್ರಾಂಶ ಇವುಗಳನ್ನು ಬಳಸಬೇಕಾಗುತ್ತದೆ. ಇವರಿಗೆ ಆರು ಅಥವಾ ಹೆಚ್ಚು ಕೋರಿನ ‘ಯು’ ಬಗೆಯ ಐ5 ಅಥವಾ ರೈಜೆನ್ 5, ಜೊತೆಗೆ 16 ಗಿಗಾಬೈಟ್ ಮೆಮೊರಿ ಹೊಂದುತ್ತದೆ. ಮೆಕ್ಯಾನಿಕಲ್, ಸಿವಿಲ್, ಆರ್ಕಿಟೆಕ್ಚರ್ ಓದುವವರ ನಕ್ಷೆಯ ತಂತ್ರಾಂಶಗಳಿಗೆ ಒಂದೊಂದು ಕೋರೂ ಚುರುಕಾಗಿರಬೇಕು, ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇದ್ದರೆ ಒಳ್ಳೆಯದು. ಅವರು ‘ಎಚ್’ ಬಗೆಯದನ್ನು ಯೋಚಿಸಬಹುದು. ಕೊಳ್ಳುವ ಮೊದಲು ಕಾಲೇಜಿನ ಮೂರನೇ ವರ್ಷದ ಅಣ್ಣ ಅಕ್ಕಂದಿರನ್ನು ಯಾವ ತಂತ್ರಾಂಶ ಬಳಸುತ್ತಾರೆ ಎಂದು ಕೇಳಿ. ಆ ತಂತ್ರಾಂಶಕ್ಕೆ ಏನು ಬೇಕು ಎಂಬುದನ್ನು ಅದರ ತಯಾರಕರೇ ಬರೆದಿರುತ್ತಾರೆ.

ಮನೆಯಲ್ಲೇ ಇಟ್ಟು ಓದುವವರಾದರೆ ಡೆಸ್ಕ್‌ಟಾಪನ್ನೂ ಮರೆಯಬೇಡಿ. ಅದೇ ಹಣಕ್ಕೆ ಹೆಚ್ಚಿನ ವೇಗ ಸಿಗುತ್ತದೆ, ಬಿಸಿಯ ಕಾಟ ಕಡಿಮೆ, ಮುಂದೆ ಪ್ರೊಸೆಸರನ್ನೂ ಬದಲಿಸಬಹುದು. ಕರೆಂಟು ಹೋದರೆ ತಡೆಯಲು ಯುಪಿಎಸ್ ಬೇಕು, ಅದರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಲ್ಲೊಂದು ಗುಂಡಿ ಇದೆ: ಐ5-12400ಎಫ್ ಎಂಬಂತೆ ಇಂಟೆಲ್ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಅದರೊಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ ಇರುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳದೆ ಹೋದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಪ್ರೊಸೆಸರನ್ನು ಕೆಲಸ ನೋಡಿ ಆರಿಸಬೇಕು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಎಂಬ ಕಂಪನಿಯ ಎಂಜಿನಿಯರುಗಳು ಸೇರಿ ಹಳ್ಳಿಯ ಜನರಿಗೂ ನಿಲುಕುವ, ಅಂಗೈಯಲ್ಲಿ ಹಿಡಿಯುವ ‘ಸಿಂಪ್ಯೂಟರ್’ ಎಂಬ ಕಂಪ್ಯೂಟರನ್ನು ರೂಪಿಸಿದರು. ಅದರ ಮೊದಲ ಮಾದರಿಯನ್ನು 2001ರಲ್ಲಿ ತೋರಿಸಲಾಯಿತು. ಆಗ ಮೇಜಿನ ಕಂಪ್ಯೂಟರುಗಳ ಪ್ರೊಸೆಸರುಗಳು ಒಂದು ಗಿಗಾಹರ್ಟ್ಸ್ ದಾಟಿದ್ದವು. ಅವರು ಆರಿಸಿದ್ದು 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರನ್ನು. ಅಂಕಿಯಲ್ಲಿ ಐದನೆಯ ಒಂದು ಪಾಲು. ಏಕೆಂದರೆ ಅವರ ಯಂತ್ರ ಸಣ್ಣ ಸೆಲ್ಲುಗಳ ಮೇಲೆ ನಡೆಯಬೇಕಿತ್ತು, ಫ್ಯಾನಿಲ್ಲದೆ ತಣ್ಣಗಿರಬೇಕಿತ್ತು, ಓದು ಬಾರದವರಿಗೆ ಕನ್ನಡವೇ ಮೊದಲಾದ ಭಾಷೆಗಳಲ್ಲಿ ಬರಹವನ್ನು ಓದಿ ಹೇಳಬೇಕಿತ್ತು. ಆ ಕೆಲಸಕ್ಕೆ ಅಷ್ಟು ವೇಗ ಸಾಕಾಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಲ್ಲಿ ಅದು ಮಾರುಕಟ್ಟೆಗೆ ಬಂತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೂ ಪ್ರೊಸೆಸರಿನ ವಿಷಯದಲ್ಲಿ ಅವರ ಎಣಿಕೆ ಸರಿಯಾಗಿತ್ತು. ಇಂದು ನಮ್ಮೆಲ್ಲರ ಮೊಬೈಲುಗಳಲ್ಲಿ ಇರುವುದು ಅದೇ ಆರ್ಮ್ ಕುಟುಂಬದ ಪ್ರೊಸೆಸರುಗಳು.

ಆ ಕುಟುಂಬ ಈಗ ಲ್ಯಾಪ್‌ಟಾಪಿಗೂ ಬಂದಿದೆ. ಆ್ಯಪಲ್ ಕಂಪನಿ 2020ರಿಂದ, ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಹೆಸರಿನಲ್ಲಿ 2024ರಿಂದ ಇವು ಸಿಗುತ್ತವೆ. ಬ್ಯಾಟರಿ ಬಹಳ ಹೊತ್ತು ಬರುತ್ತದೆ. 2025ರ ನವೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟು ‘ಕಿಯೋ’ ಎಂಬ ಕಡಿಮೆ ಬೆಲೆಯ ಪುಟ್ಟ ಕಂಪ್ಯೂಟರನ್ನು ಪರಿಚಯಿಸಿತು. ಅದರಲ್ಲಿರುವುದು ರಿಸ್ಕ್-ಫೈವ್ ಎಂಬ ಮುಕ್ತ ಮಾದರಿಯ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಕೊಳ್ಳುವವರು ಒಂದು ಪ್ರಶ್ನೆ ಕೇಳಲೇಬೇಕು: ನನ್ನ ಕಾಲೇಜಿನ ತಂತ್ರಾಂಶ ಇದರಲ್ಲಿ ನಡೆಯುತ್ತದೆಯೇ? ಇಂಟೆಲ್ ಮತ್ತು ಎಎಂಡಿ ಪ್ರೊಸೆಸರುಗಳಿಗೆಂದು ಬರೆದ ತಂತ್ರಾಂಶ ಬೇರೆ ಕುಟುಂಬದ ಪ್ರೊಸೆಸರಿಗೆ ನೇರವಾಗಿ ಅರ್ಥವಾಗುವುದಿಲ್ಲ. ಕೆಲವಕ್ಕೆ ಅನುವಾದದ ಏರ್ಪಾಡಿದೆ, ಎಲ್ಲಕ್ಕೂ ಇಲ್ಲ.

‘ಎಐ’ ಎಂಬ ಚೀಟಿಯ ಬಗ್ಗೆಯೂ ಎರಡು ಮಾತು. ಈಚಿನ ಪ್ರೊಸೆಸರುಗಳಲ್ಲಿ ಆ ಬಗೆಯ ಲೆಕ್ಕಕ್ಕೆಂದೇ ಒಂದು ಪ್ರತ್ಯೇಕ ಭಾಗ ಇರುತ್ತದೆ. ಆದರೆ ವಿದ್ಯಾರ್ಥಿಗಳು ಬಳಸುವ ಪ್ರಶ್ನೋತ್ತರದ ಸೇವೆಗಳು ಹೆಚ್ಚಿನಂಶ ದೂರದ ದೊಡ್ಡ ಸರ್ವರುಗಳಲ್ಲಿ ನಡೆಯುತ್ತವೆ. ಅವಕ್ಕೆ ಬೇಕಾದದ್ದು ಅಂತರಜಾಲ ಸಂಪರ್ಕ. ಆ ಚೀಟಿಗಾಗಿಯೇ ಹೆಚ್ಚು ಹಣ ಕೊಡಬೇಕಾಗಿಲ್ಲ.

ಕೊನೆಯದಾಗಿ ಹಣದ ಹಂಚಿಕೆ. ಇರುವ ಹಣವನ್ನೆಲ್ಲ ಪ್ರೊಸೆಸರಿಗೇ ಸುರಿದು 4 ಗಿಗಾಬೈಟ್ ಮೆಮೊರಿ, ತಿರುಗುವ ಹಳೆಯ ಬಗೆಯ ಡಿಸ್ಕು ಇರುವ ಯಂತ್ರವನ್ನು ಕೊಂಡರೆ, ನುರಿತ ಕೆಲಸಗಾರರನ್ನು ಕರೆಸಿ ಬುಟ್ಟಿಯನ್ನೇ ಕೊಡದಂತಾಗುತ್ತದೆ. ಎಲ್ಲರೂ ಕೈ ಕಟ್ಟಿ ಕೂರಬೇಕು. ಆದ್ದರಿಂದ ಮೊದಲು ಎಸ್‌ಎಸ್‌ಡಿ ಇರಲೇಬೇಕು. ಮೆಮೊರಿ ಕನಿಷ್ಠ 8 ಗಿಗಾಬೈಟ್ ಇರಲಿ, ಸಾಧ್ಯವಾದರೆ 16. ಇವೆರಡನ್ನು ಉಳಿಸಿಕೊಂಡು ಎಷ್ಟು ಒಳ್ಳೆಯ ಪ್ರೊಸೆಸರ್ ಸಿಗುತ್ತದೋ ಅದನ್ನು ಕೊಳ್ಳಿ. ಐ7 ಮತ್ತು 8 ಗಿಗಾಬೈಟ್ ಒಂದು ಕಡೆ, ಅದೇ ಪೀಳಿಗೆಯ ಐ5 ಮತ್ತು 16 ಗಿಗಾಬೈಟ್ ಇನ್ನೊಂದು ಕಡೆ ಇದ್ದರೆ, ಹೆಚ್ಚಿನ ವಿದ್ಯಾರ್ಥಿಗಳಿಗೆ ಎರಡನೆಯದೇ ಲೇಸು. ಬೆಲೆಗಳು ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಇಲ್ಲಿ ರೂಪಾಯಿ ಲೆಕ್ಕ ಹೇಳುವುದಿಲ್ಲ.

ಅಂಗಡಿಯಲ್ಲಿ ನೀವು ಮಾಡಬೇಕಾದದ್ದು ಇಷ್ಟು. ಚೀಟಿಯನ್ನು ನೋಡಿ ಬಿಡಬೇಡಿ, ಯಂತ್ರವನ್ನು ಚಾಲೂ ಮಾಡಿಸಿ. ವಿಂಡೋಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ತೆರೆಯುವ ಟಾಸ್ಕ್ ಮ್ಯಾನೇಜರಿನಲ್ಲಿ ‘ಪರ್ಫಾರ್ಮೆನ್ಸ್’ ಎಂಬುದನ್ನು ಒತ್ತಿದರೆ ಪ್ರೊಸೆಸರಿನ ಪೂರ್ತಿ ಹೆಸರು, ಕೋರುಗಳ ಸಂಖ್ಯೆ, ಕ್ಯಾಶ್ ಎಲ್ಲವೂ ಕಾಣುತ್ತವೆ. ಅಲ್ಲೇ ‘ಮೆಮೊರಿ’ ಒತ್ತಿದರೆ ಎಷ್ಟು ರ‍್ಯಾಮ್ ಇದೆ ಎಂದು ತಿಳಿಯುತ್ತದೆ. ಮುಂದೆ ಹೆಚ್ಚಿಸಬಹುದೇ ಎಂದು ಅಂಗಡಿಯವರನ್ನು ಕೇಳಿ. ಆ ಹೆಸರನ್ನು ಕಾಗದದ ಮೇಲೆ ಬರೆದುಕೊಂಡು ಹೊರಗೆ ಬಂದು ಒಂದು ಚಹ ಕುಡಿಯಿರಿ. ಮೊಬೈಲಿನಲ್ಲಿ ನೋಡಿ, ಹೋಲಿಸಿ, ಆಮೇಲೆ ಒಳಗೆ ಹೋಗಿ. ಕೊಂಡಾಗ ಬಿಲ್ಲಿನ ಮೇಲೆ ‘ಐ5 ಲ್ಯಾಪ್‌ಟಾಪ್’ ಎಂದಲ್ಲ, ಪ್ರೊಸೆಸರಿನ ಪೂರ್ತಿ ಹೆಸರನ್ನೂ ಯಂತ್ರದ ಕ್ರಮಸಂಖ್ಯೆಯನ್ನೂ ಬರೆಸಿಕೊಳ್ಳಿ. ಮುಂದೆ ತಕರಾರು ಬಂದರೆ ಮಾತನಾಡುವುದು ಆ ಕಾಗದವೇ.

ಈಗ ಮತ್ತೆ ಆ ಮೇಜಿನ ಮುಂದೆ ನಿಲ್ಲಿ. ತಂದೆ ಇನ್ನೂ ನಿಮ್ಮ ಮುಖ ನೋಡುತ್ತಿದ್ದಾರೆ. ಅವರಿಗೆ ಕೋರು, ಕ್ಯಾಶು ಎಂದು ಹೇಳಿದರೆ ತಿಳಿಯಲಿಕ್ಕಿಲ್ಲ. ಆದರೆ ಮಾಲನ್ನು ಹೆಸರಿನಿಂದಲ್ಲ, ಕೈಯಲ್ಲಿ ಹಿಡಿದು ನೋಡಿ ಕೊಳ್ಳಬೇಕೆಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಹೀಗೆ ಹೇಳಿ: "ಅಪ್ಪಾ, ಆ ಏಳು ಹಳೇ ವರ್ಷದ ಮನೂಕ, ಈ ಮೂರು ಹೊಸ ಬೆಳಿದು. ಡಬ್ಬಿ ಮ್ಯಾಲಿನ ಹೆಸರ ನೋಡೂದು ಬ್ಯಾಡ, ಒಳಗಿನ ಮಾಲ ನೋಡೂಣು." ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಒಂದು ಬೆಳೆಯ ಹಣದಲ್ಲಿ ಕೊಂಡ ಆ ಯಂತ್ರ ನಿಮ್ಮ ನಾಲ್ಕು ವರ್ಷದ ಓದಿಗೆ ಒದಗಲಿ. ಈ ಪುಟಗಳನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.